ಕ್ಯಾಲೆಂಡರಿನ ಬೆನ್ನಿಗೆ ಬರೆದ ನಕ್ಷೆ

ನನ್ನ ತಂಗಿಗೆ ಎರಡನೆಯ ಮಗು ಆಗದಂತೆ ಮಾಡಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ನಡುವೆ ಎಲ್ಲೋ ನನ್ನನ್ನೇ ಸಮರ್ಥಿಸಿಕೊಂಡು ಜಾರಿಕೊಳ್ಳುವ ಮನುಷ್ಯ ನಾನು.

ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗರಿಗೆ ಜೀವಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನದಲ್ಲಿ ವಿಜ್ಞಾನ ಓದಿದ ಮೊದಲಿಗ. ಅವ್ವ ನನ್ನ ತಂಗಿಯನ್ನು ಕಂಪ್ಲಿಯಲ್ಲಿದ್ದ ತನ್ನ ತಮ್ಮನಿಗೇ, ಅಂದರೆ ನಮ್ಮ ಸೋದರಮಾವನಿಗೇ ಕೊಡುತ್ತೇನೆಂದಾಗ ನಾನು ಕೂಗಾಡಿದ್ದೆ. ಇಷ್ಟು ಹತ್ತಿರದ ರಕ್ತಸಂಬಂಧದಲ್ಲಿ ಹುಟ್ಟುವ ಮಕ್ಕಳಿಗೆ ತೊಂದರೆ ಬರಬಹುದು ಎಂದಿದ್ದೆ. ಮಾತೇನೂ ಸುಳ್ಳಲ್ಲ. ಆದರೆ ಯಾರೂ ಕೇಳಲಿಲ್ಲ, ಮದುವೆ ನಡೆಯಿತು. ನಾನು ಮುಖ ಗಂಟು ಹಾಕಿಕೊಂಡೇ ಉಂಡು ಬಂದೆ.

ಹೆಣ್ಣುಮಗು ಹುಟ್ಟಿತು. ಕೂಡಿದ ಹುಬ್ಬು, ಉದ್ದುದ್ದ ರೆಪ್ಪೆ, ತೀರ ಪುಟ್ಟ ಕೈ. ಮೂರು ವರ್ಷವಾದರೂ ನಡೆಯಲಿಲ್ಲ, ಮಾತು ಬರಲಿಲ್ಲ. ಮನೆಯಲ್ಲಿ ಎಲ್ಲರೂ ಅತ್ತರು. ನಾನೂ ಅತ್ತೆ. ಆದರೆ ಆ ಅಳುವಿನ ಅಡಿಯಲ್ಲಿ ನನಗೊಂದು ಚೂರು ಸಂತೋಷವಿತ್ತು: ನಾನು ಹೇಳಿದ್ದೇ ಆಯಿತಲ್ಲ ಎಂದು. ಇದನ್ನು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ, ಹೆಂಡತಿಯ ಮುಂದೆಯೂ.

ಒಂದು ಭಾನುವಾರ ಕಂಪ್ಲಿಗೆ ಹೋದಾಗ ಮಾವ, ಅವ್ವ ಪಡಸಾಲೆಯಲ್ಲಿ ಕೂತಿದ್ದರು. ಇನ್ನೊಂದು ಕೂಸಾದರೆ ಇದಕ್ಕೂ ಮುಂದೆ ಆಸರೆಯಾಗುತ್ತದೆ ಎಂದು ತಂಗಿ ಅಂದಳು. ನಾನು ಗೋಡೆಯ ಕ್ಯಾಲೆಂಡರಿನಿಂದ ಮುಗಿದ ತಿಂಗಳ ಹಾಳೆ ಹರಿದು ಅದರ ಬೆನ್ನಿಗೆ ಬರೆಯತೊಡಗಿದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ಕೂಸಿನ ವೃತ್ತವನ್ನು ಪೂರ್ತಿ ಕಪ್ಪಾಗುವವರೆಗೆ ಪೆನ್ನಿನಿಂದ ತೀಡಿದೆ. ನಿಮ್ಮಿಬ್ಬರಲ್ಲೂ ಅಡಗಿದ್ದ ದೋಷ ಕೂಡಿ ಹೀಗಾಗಿದೆ, ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಇದೇ ಆಗುವ ಸಂಭವ ಎಂದು ಪಾಠ ಒಪ್ಪಿಸಿದೆ. ಅಷ್ಟರವರೆಗೆ ಯಾರದೂ ಒಂದು ಹನಿ ರಕ್ತ ಪರೀಕ್ಷೆಯಾಗಿರಲಿಲ್ಲ. ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಎದ್ದುಹೋದಳು.

ತಂಗಿ ಹಾಳೆಯನ್ನೇ ನೋಡುತ್ತ ಕೇಳಿದಳು, "ಖರೇನಣ್ಣ?"

"ನಾ ಸುಳ್ಳು ಹೇಳ್ತೀನೇನವ್ವ? ಪುಸ್ತಕದಾಗ ಐತಿ."

ಮುಂದಿನ ತಿಂಗಳೇ ಅವಳು ಆಪರೇಷನ್ ಮಾಡಿಸಿಕೊಂಡಳು. ಆಗಿನ್ನೂ ಇಪ್ಪತ್ತನಾಲ್ಕು ವಯಸ್ಸು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲೂ ನೆಟ್ಟಗಿರಲಿಲ್ಲ.

ಹದಿನಾಲ್ಕು ವರ್ಷ ಕಳೆದವು. ಹುಡುಗಿಗೆ ಈಗ ಹದಿನೇಳು. ನಾಲ್ಕಾರು ಮಾತು ಆಡುತ್ತಾಳೆ, ನನ್ನ ಚಶ್ಮಾ ಕಿತ್ತುಕೊಂಡು ನಗುತ್ತಾಳೆ. ಈಚೆಗೆ ಹೊಟ್ಟೆಯ ತೊಂದರೆಗೆಂದು ಬಳ್ಳಾರಿಗೆ ಕರೆದೊಯ್ದಾಗ ಅಲ್ಲಿನ ವೈದ್ಯೆಯೊಬ್ಬರು ಅವಳ ಮುಖ, ಕೈ ನೋಡಿಯೇ ಅನುಮಾನಪಟ್ಟು, ತಂದೆ ತಾಯಿ ಮಗಳು ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮಾವನಿಗೆ ರೈಸ್ ಮಿಲ್ಲಿನಲ್ಲಿ ಭತ್ತದ ಗದ್ದಲ. ತಿಳಿದವನೊಬ್ಬ ಜೊತೆಗಿರಲಿ ಎಂದು ತಂಗಿ, ಹುಡುಗಿಯ ಸಂಗಡ ನನ್ನನ್ನು ಕಳಿಸಿದ.

ಹುಡುಗಿಯ ಒಂದು ಜೀನ್ ಕೆಟ್ಟಿದೆ, ಆದರೆ ಆ ದೋಷ ತಾಯಿಯಲ್ಲೂ ಇಲ್ಲ, ತಂದೆಯಲ್ಲೂ ಇಲ್ಲ, ಇವಳಲ್ಲೇ ಹೊಸದಾಗಿ ಆದದ್ದು ಎಂದರು ವೈದ್ಯೆ. ರಕ್ತಸಂಬಂಧ ಇದಕ್ಕೆ ಕಾರಣವೇ ಅಲ್ಲ. ಜೀವಕೋಶದೊಳಗೆ ಡಿಎನ್‌ಎ ಸುಮ್ಮನೆ ತುರುಕಿಟ್ಟ ದಾರವಲ್ಲವಂತೆ. ಉಂಗುರದಂಥ ಪ್ರೋಟೀನುಗಳು ಅದನ್ನು ಕುಣಿಕೆ ಕುಣಿಕೆಯಾಗಿ ಎಳೆದು ಮಡಚುತ್ತವೆ. ಬೇರೆ ಕೆಲವು ಪ್ರೋಟೀನುಗಳು ಡಿಎನ್‌ಎಯ ಗೊತ್ತಾದ ಜಾಗಗಳಲ್ಲಿ ಅಂಟಿ ಕೂತು, ಮಡಿಕೆ ಎಲ್ಲಿ ನಿಲ್ಲಬೇಕೋ ಅಲ್ಲಿ ತಡೆಯುತ್ತವೆ. ಹಾಗೆ ಮಡಚಿದಾಗಲೇ ಡಿಎನ್‌ಎಯಲ್ಲೇ ದೂರದಲ್ಲಿರುವ ಸ್ವಿಚ್ಚಿನಂಥ ತುಣುಕು ತನ್ನ ಜೀನಿನ ಪಕ್ಕಕ್ಕೆ ಬಂದು ಹೊತ್ತಿಗೆ ಸರಿಯಾಗಿ ಅದನ್ನು ಎಬ್ಬಿಸುತ್ತದೆ. ಉಂಗುರವನ್ನು ಡಿಎನ್‌ಎಗೆ ತೊಡಿಸುವ ಪ್ರೋಟೀನು ಇವಳಲ್ಲಿ ಸಾಲದು. ಅದಕ್ಕೇ ಬಸಿರಿನಲ್ಲೇ ಎಷ್ಟೋ ಜೀನುಗಳ ಕೆಲಸ ಹೆಚ್ಚುಕಡಿಮೆಯಾಗಿದೆ. ಮಣಿಗೆ ಸುತ್ತಿದ ಡಿಎನ್‌ಎ ದಾರದ ಚಿತ್ರವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನು. ಆಮೇಲೆ ಅದು ಹೇಗೆ ಮಡಚಿಕೊಳ್ಳುತ್ತದೆ ಸರ್ ಎಂದು ಯಾರಾದರೂ ಕೇಳಿದರೆ, ಅದು ಪರೀಕ್ಷೆಗೆ ಬರುವುದಿಲ್ಲ ಬಿಡು ಎನ್ನುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುವಾಗ ತಂಗಿ ಇನ್ನೊಮ್ಮೆ ಬಿಡಿಸಿ ಹೇಳು ಎಂದಳು. ಅವಳು ಮದುಮಗಳ ಸೀರೆಗೆ ಮೊದಲೇ ನೆರಿಗೆ ಹಿಡಿದು, ಪಿನ್ನು ಹಾಕಿ, ಇಸ್ತ್ರಿ ಮಾಡಿಕೊಡುವ ಕೆಲಸದವಳು. ಮೆಟ್ರಿ, ಬುಕ್ಕಸಾಗರದಿಂದಲೂ ಅವಳಲ್ಲಿಗೆ ಸೀರೆ ಬರುತ್ತವೆ. ನಾನು ತಡವರಿಸುತ್ತಿದ್ದಾಗ ಅವಳೇ, ಸೀರೆ ಪೂರ್ತಿ ಇದ್ದರೂ ಪಿನ್ನು ಸಾಲದಿದ್ದರೆ ಈ ಹೂವಿನ ಪಕ್ಕ ಆ ಹೂವು ಬಂದು ಕೂರುವುದಿಲ್ಲ, ಅಷ್ಟೇ ಅಲ್ಲವೇ ಎಂದಳು. ಅಷ್ಟೇ ಎಂದೆ. ನನಗಿಂತ ಬೇಗ ಅವಳಿಗೆ ತಿಳಿಯಿತು.

ಆಮೇಲೆ ನಾನು ಹೆದರಿ ಕೂತಿದ್ದ ಪ್ರಶ್ನೆ ಬಂತು.

"ಹಂಗಾದ್ರ ಆವಾಗ ಇನ್ನೊಂದು ಕೂಸು ಆಗಿದ್ರ, ಅದು ಚೊಲೋ ಇರ್ತಿತ್ತೇನು?"

ಮತ್ತೊಂದು ಮಗುವಿಗೆ ಹೀಗೇ ಆಗುವುದು ಅಪರೂಪ ಎಂದು ವೈದ್ಯೆ ನನ್ನ ಎದುರಿಗೇ ಹೇಳಿದ್ದರು. ಆದರೂ ಸುಳ್ಳು ಹೇಳಿ ಪಾರಾಗೋಣವೆಂದು ಒಂದು ಗಳಿಗೆ ಅನಿಸಿತು.

"ಭಾಳ ಮಾಡಿ ಚೊಲೋನ ಇರ್ತಿತ್ತು. ನಂದ ತಪ್ಪಾತು, ತಂಗೆವ್ವ."

ಅವಳು ಮಗಳ ಬಾಯಿ ಒರೆಸಿದಳು. ಬಸ್ಸು ಬಂದು ನಿಂತ ಮೇಲೆ, ಹತ್ತುವ ಮುಂಚೆ ಹೇಳಿದಳು:

"ಆಪರೇಷನ್‌ಗೆ ಹೋದಾಗ ಅಲ್ಲಿ ಡಾಕ್ಟರಮ್ಮ ಭಾಳ ಹೇಳಿದ್ರು. ಜಲ್ದಿ ಮಾಡಬ್ಯಾಡವ್ವ, ಮೊದಲು ಟೆಸ್ಟ್ ಮಾಡ್ಸು, ಇನ್ನೊಂದು ಕೂಸು ಚೊಲೋನೂ ಇರಬೌದು ಅಂತ. ನಾನ ಕೇಳ್ಲಿಲ್ಲ. ನಮ್ಮಣ್ಣ ಓದ್ಯಾನ್ರಿ, ನಿಮಗಿಂತ ಅವಗ ಗೊತ್ತೈತಿ ಅಂದೆ."