ಡೈನಮೋ ಎಳೆಯುತ್ತದೆಯೇ?

ಸೈಕಲ್ಲಿಗೆ ದೀಪ ಉರಿಸುವ ಡೈನಮೋ ಹಾಕಿದರೆ ತುಳಿಯುವುದು ಭಾರ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಹೊಸ ಡೈನಮೋ ಎಳೆಯುವುದೇ ಇಲ್ಲ ಎಂದ ಅಂಗಡಿಯವನನ್ನೂ ನಂಬಲಿಲ್ಲ. ಸ್ವಲ್ಪ ಎಳೆಯುತ್ತದೆ, ಊರು ಹೇಳುವಷ್ಟಲ್ಲ. ಇದು ನನ್ನ ವಾದ.

ಎಂಬತ್ತರ ದಶಕದಲ್ಲಿ ಹನೂರಿನ ಸಂತೆ ಮುಗಿಸಿ ಮುಸ್ಸಂಜೆಗೆ ನಾವು ಊರಿನವರೆಲ್ಲ ಸಾಲಾಗಿ ಸೈಕಲ್ ತುಳಿದು ಬರುತ್ತಿದ್ದೆವು. ಕಾಡಂಚಿನ ದಾರಿ, ಆನೆ ಭಯ, ಬೆಳಕಿಲ್ಲದೆ ಆಗದು. ಆದರೆ ಡೈನಮೋವನ್ನು ಟೈರಿಗೆ ಒತ್ತಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಮುಂದಿನವನೊಬ್ಬ ದೀಪ ಹಚ್ಚುವುದು, ಉಳಿದವರು ಅವನ ಬೆಳಕಿನಲ್ಲಿ ಬರುವುದು. ಹುಣಸೆಮರ ಬಂದರೆ ಪಾಳಿ ಬದಲು. ಅಪ್ಪ ಮಾತ್ರ ಬೇರೆಯವರ ಪಾಳಿಯನ್ನೂ ತಾವೇ ತುಳಿಯುತ್ತಿದ್ದರು. ಅದು ಅವರ ಠೀವಿ.

ಒಂದು ವಾರ ಸಂತೆಯಿಂದ ಬರುವಾಗ ಅವರೇ ಏರಿನಲ್ಲಿ ಸೈಕಲ್ ಇಳಿದುಬಿಟ್ಟರು. ಚಕ್ರ ನಿಂತದ್ದೇ ದೀಪವೂ ಆರಿತು. "ಡೈನಮೋ ಎಳೀತದೆ ಕಣ್ಲಾ, ನೀನು ಮುಂದಕ್ ಓಗು" ಎಂದರು. ಮರುವಾರವೂ ಅದೇ ಕಥೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ರೇಗಿಸಿದೆ.

ಮನೆಗೆ ಬಂದವರೇ ಅಪ್ಪ ಸೈಕಲ್ಲನ್ನು ತಲೆಕೆಳಗು ಮಾಡಿ, ಚಕ್ರ ತಿರುಗಿಸಿ ಡೈನಮೋ ಒತ್ತಿದರು. ಚಕ್ರ ಬೇಗ ನಿಂತಿತು. "ಕಣ್ಣಾರೆ ಕಂಡ್ಯಲ್ಲ?"

"ಗಾಳೀಲಿ ತಿರುಗೋ ಚಕ್ರ ಬೆರಳು ಮುಟ್ಟುದ್ರೂ ನಿಂತೋಯ್ತದೆ. ಅದ್ರ ಮೇಲೆ ಆಳು ಕೂತು, ರಾಗಿ ಮೂಟೆ ಕೂತು ಓಡುವಾಗ ಈ ಡೈನಮೋ ಯಾವ ಲೆಕ್ಕ?" ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುವ ಜಾತಿ ನನ್ನದು. ಅಪ್ಪ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಮುಂದಿನ ವಾರ ಸಂತೆಯಿಂದ ಬೇಗ ಹೊರಟೆವು. ಹೊತ್ತು ಮುಳುಗಿರಲಿಲ್ಲ, ದೀಪ ಬೇಕಿರಲಿಲ್ಲ. ಅಭ್ಯಾಸದಂತೆ ಅಪ್ಪನೇ ಮುಂದೆ. ಅದೇ ಏರಿನಲ್ಲಿ ಇಳಿದು ಹ್ಯಾಂಡಲ್ ಮೇಲೆ ಬಾಗಿದರು. ಒಂದು ಕೈ ಎದೆಯ ಮೇಲಿತ್ತು. "ಆಳಾದ್ ಡೈನಮೋ, ಎಳೀತದೆ" ಎಂದರು.

ನಾನು ಬಗ್ಗಿ ನೋಡಿದೆ. ಡೈನಮೋ ಟೈರನ್ನು ಮುಟ್ಟಿಯೇ ಇರಲಿಲ್ಲ.

ವಾದದಲ್ಲಿ ಗೆದ್ದಿದ್ದೆ, ಅಂಥ ಗೆಲುವು ಯಾರಿಗೆ ಬೇಕು. ಹಿಂದಿನವರೆಲ್ಲ ಸೈಕಲ್ ಇಳಿದು ನೋಡುತ್ತಿದ್ದರು. ನಮ್ಮ ಕಡೆ ಗಂಡಸಾದವನು ಡೈನಮೋ ಭಾರ ಎನ್ನಬಹುದು, ಮೈ ಸೋತಿತು ಎನ್ನುವಂತಿಲ್ಲ.

"ಊಂ ಕಣಪ್ಪ, ಸ್ಯಾನೆ ಎಳೀತದೆ. ನಾಳೆ ಕೊಳ್ಳೇಗಾಲಕ್ಕೆ ಓಗಿ ತೋರಿಸ್ಕಂಡ್ ಬರಾನ" ಎಂದೆ.

ಮರುದಿನ ಡೈನಮೋವನ್ನು ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆವು. ಕೊಳ್ಳೇಗಾಲದಲ್ಲಿ ಇಳಿದು, ಸೈಕಲ್ ಶಾಪಿನ ಬೀದಿ ಬಿಟ್ಟು ಆಸ್ಪತ್ರೆಯ ಕಡೆ ತಿರುಗಿದೆ. ಗೇಟಿನ ಮುಂದೆ ಅಪ್ಪ ನಿಂತರು.

"ಇಲ್ಲಿ ಡೈನಮೋ ನೋಡ್ತಾರೇನ್ಲಾ?"

"ನೋಡ್ತಾರೆ, ಬಾ."

ಅಪ್ಪ ನನ್ನ ಹಿಂದೆಯೇ ಒಳಗೆ ಬಂದರು. ಅವರು ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಇನ್ನಷ್ಟು ಭಯವಾಯಿತು. ಹೃದಯ ದುರ್ಬಲವಾಗಿದೆ, ಮಾತ್ರೆ ತಪ್ಪಿಸಬೇಡಿ, ಇನ್ನು ಸೈಕಲ್ ತುಳಿಯಬೇಡಿ ಎಂದರು ಡಾಕ್ಟರು.

ತುಳಿಯುವುದನ್ನು ಬಿಟ್ಟರೇ ಹೊರತು ಸಂತೆ ಬಿಡಲಿಲ್ಲ. ಚೇತರಿಸಿಕೊಂಡ ಮೇಲೆ ನನ್ನ ಕ್ಯಾರಿಯರ್ ಮೇಲೆ ಕೂತು ಬಂದರು. ಹಿಂದಿರುಗುವಾಗ ಕತ್ತಲಾಗುತ್ತಿತ್ತು. ಡೈನಮೋ ಒತ್ತಿ ಸಾಲಿನ ಮುಂದೆ ಹೊರಟೆ. ಆ ಏರು ಬಂತು. ಅಪ್ಪನ ಭಾರಕ್ಕೆ ನನ್ನ ತೊಡೆ ನಡುಗುತ್ತಿತ್ತು, ಏದುಸಿರು ಬರುತ್ತಿತ್ತು. ಇಳಿದರೆ ದೀಪ ಆರುತ್ತದೆ.

ಹಿಂದಿನಿಂದ ಅಪ್ಪ ಮೆಲ್ಲಗೆ ಕೇಳಿದರು: "ಎಳೀತದೇನ್ಲಾ?"

"ಇಲ್ಲ ಕಣಪ್ಪ" ಎಂದೆ, "ಒಂಚೂರೂ ಎಳೀತಿಲ್ಲ."