ಹಿಂದಕ್ಕೊಂದು ಜೊತೆ, ಮುಂದಕ್ಕೊಂದು ಜೊತೆ

ನನ್ನ ಯಜಮಾನರು ತೀರಿಕೊಂಡದ್ದು ಬೇಸಿಗೆಯ ನಡುವೆ. ವಿಷಮಶೀತ ಜ್ವರ ಬಂದಿತ್ತು. ಆಸ್ಪತ್ರೆಗೆ ಸೇರಿಸಿದೆವು, ಒಂದು ವಾರ ಇಳಿದಂತೆ ಕಂಡಿತು, ಆಮೇಲೆ ಹೋಗಿಬಿಟ್ಟರು. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಕಳೆದಿದ್ದ ಕಾಲ. ನನಗಾಗ ಇಪ್ಪತ್ತಾರು. ಮಕ್ಕಳಿರಲಿಲ್ಲ. ಊರಂಚಿನ ಕೊಪ್ಪಲಿನ ಆ ಮನೆಯಲ್ಲಿ ಉಳಿದವರು ಮಾವನವರು, ಅತ್ತೆ, ನಾನು. ಬಾಗಿಲ ಮುಂದೆ ಹೊಂಗೆ ಮರದ ಕೆಳಗೆ ವ್ಯಾನು.

ಈಗಿನವರು ಪಿಕಪ್ ಎನ್ನುತ್ತಾರೆ. ನಾವು ವ್ಯಾನು ಎನ್ನುತ್ತಿದ್ದೆವು. ಮುಂದೆ ಮೂವರು ಒತ್ತಿಕೊಂಡು ಕೂರುವಷ್ಟು ಜಾಗ, ಹಿಂದೆ ಹಲಗೆ ಹೊಡೆದ ತೆರೆದ ತೊಟ್ಟಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಗಾಡಿ ಅದು. ನಂಜನಗೂಡಿನ ಆಚೆಯ ತೋಟಗಳಿಂದ ಬಾಳೆಗೊನೆ ತುಂಬಿಕೊಂಡು ಬಂದು ದೇವರಾಜ ಮಾರ್ಕೆಟ್ಟಿನ ಮಂಡಿಗೆ ಹಾಕುವುದು ನಮ್ಮ ವ್ಯಾಪಾರ. ನಂಜನಗೂಡಿನ ತನಕ ಡಾಂಬರು ರಸ್ತೆ. ಅಲ್ಲಿಂದ ಆಚೆಗೆ ಎತ್ತಿನ ಗಾಡಿಯ ಜಾಡು, ಕಪ್ಪು ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಆ ಮಣ್ಣು ಮೆತ್ತಿಕೊಂಡು ಚಕ್ರ ಹಿಟ್ಟಿನ ಉಂಡೆಯಂತಾಗುತ್ತದೆ. ಹಿಂದಿನ ಮಳೆಗಾಲದಲ್ಲಿ ವ್ಯಾನು ಒಂದು ಹಳ್ಳದಲ್ಲಿ ಹೂತುಕೊಂಡು, ಎತ್ತು ಕಟ್ಟಿ ಎಳೆಸುವ ಹೊತ್ತಿಗೆ ಗೊನೆಗಳೆಲ್ಲ ಕಳಿತು ಒಡೆದುಹೋಗಿದ್ದವು. ಟೈರುಗಳು ಸವೆದು ನುಣ್ಣಗಾಗಿದ್ದವು. ಮುಂದಿನ ಮಳೆಗೆ ಮುಂಚೆ ಹೊಸದು ಹಾಕಿಸಲೇಬೇಕು ಎಂದು ಯಜಮಾನರು ವರ್ಷವಿಡೀ ಹೇಳುತ್ತಿದ್ದರು.

ಅವರು ಹೋದ ಮೇಲೆ ನಾನು ಅಳಲಿಲ್ಲ. ಬೇಕೆಂದು ತಡೆದುಕೊಂಡದ್ದಲ್ಲ. ಬಳೆ ತೆಗೆಸಿದರು, ಕೈ ಚಾಚಿದೆ. ಊಟಕ್ಕೆ ಏಳು ಎಂದರು, ಎದ್ದೆ. ಒಂದು ದಿನ ಒಲೆಯಿಂದ ಕೆಂಡ ಸಿಡಿದು ಪಾದದ ಮೇಲೆ ಬಿತ್ತು. ಅದನ್ನು ನೋಡಿದೆ. ತೆಗೆಯಬೇಕಲ್ಲ ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಕಿರುಚಿಕೊಂಡು ಬಂದು ಕೈಯಲ್ಲೇ ಅದನ್ನು ತಳ್ಳಿದರು. ಅವರ ಬೆರಳೂ ಸುಟ್ಟಿತು. ಅವತ್ತಿನಿಂದ ಅವರು ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ.

ತಿಥಿ ಮುಗಿದ ಮೇಲೆ ನನ್ನ ಅಣ್ಣ ಬಂದ. "ವ್ಯಾನು ಮಾರ್ಬುಡಿ ಮಾವ. ನಾನು ಇವಳನ್ನ ಮನೆಗೆ ಕರ್ಕೊಂಡು ಹೋಯ್ತೀನಿ. ಇಲ್ಲಿದ್ದು ಏನ್ ಮಾಡ್ತಾಳೆ?" ಎಂದ. ಕೊಳ್ಳುವವರನ್ನೂ ಅವನೇ ಹುಡುಕಿದ್ದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಮಗ ಹೋದ ಮೇಲೆ ಮಾವನವರಿಗೆ ಯಾರು ಏನು ಹೇಳಿದರೂ ಅದು ಒಳಗೆ ಇಳಿಯುವುದಕ್ಕೆ ಹೊತ್ತು ಹಿಡಿಯುತ್ತಿತ್ತು. ಅಣ್ಣ ಹೊರಟುಹೋದ ಎಷ್ಟೋ ಹೊತ್ತಿನ ಮೇಲೆ ನನ್ನನ್ನು ಕರೆದರು.

"ನಿಮ್ಮಣ್ಣ ಯೋಳೋದು ಸರಿಯಾಗೇ ಅದೆ. ಆದ್ರೂ ನಿನ್ ಬಾಯಲ್ಲಿ ಬರ್ಲಿ ಕಣವ್ವ. ವ್ಯಾನು ಮಾರಾವಾ, ಮಡಿಕಳಾವಾ?"

"ಇರಲಿ ಬಿಡಿ ಮಾವ," ಎಂದೆ.

ಯಾಕೆ ಹಾಗೆಂದೆನೋ ನನಗೆ ಇವತ್ತಿಗೂ ತಿಳಿಯದು. ಧೈರ್ಯವಂತೂ ಅಲ್ಲ. ಮಾರುವುದಾದರೆ ಜನ ಬರುತ್ತಾರೆ, ಚೌಕಾಸಿ ಮಾಡುತ್ತಾರೆ, ಅಣ್ಣನ ಮನೆಗೆ ಹೋಗಲು ಬಟ್ಟೆ ಗಂಟು ಕಟ್ಟಬೇಕು. ಇರಲಿ ಎಂದರೆ ಏನೂ ಮಾಡಬೇಕಾಗಿಲ್ಲ. ಅಷ್ಟೇ ಇದ್ದಿರಬಹುದು.

ಮಾವನವರು ತಲೆಯಾಡಿಸಿದರು. "ಅಂಗಾದ್ರೆ ಟೈರು ನೋಡ್ಬೇಕಲ್ಲವ್ವ. ನೀನೂ ಬಾ."

ನಾನು ಏನು ಗೊತ್ತೆಂದು ಬರಲಿ ಎಂದೆ. "ನಂಗೂ ಗೊತ್ತಿಲ್ಲ. ಇಬ್ರೂ ಹೋಗಾವ," ಎಂದರು.

ಗಂಡ ಸತ್ತು ಎರಡು ತಿಂಗಳು ತುಂಬದ ಹೆಂಗಸು ಬೀದಿಗೆ ಇಳಿದದ್ದನ್ನು ಕೊಪ್ಪಲಿನವರು ಬಾಗಿಲಿಗೆ ಬಂದು ನೋಡಿದರು. ಮಾವನವರು ತಲೆಗೆ ವಸ್ತ್ರ ಸುತ್ತಿಕೊಂಡು ನನ್ನ ಮುಂದೆ ನಡೆದರು. ಜಟಕಾ ಮಾಡಿಕೊಂಡು ಲಷ್ಕರ್ ಮೊಹಲ್ಲಾಕ್ಕೆ ಹೋದೆವು. ನಮ್ಮ ಡ್ರೈವರಣ್ಣನ ಮನೆ ಅಲ್ಲೇ. ಸಾಬರವರು. ಯುದ್ಧದಲ್ಲಿ ಪಟಾಲಮ್ಮಿನ ಲಾರಿ ಓಡಿಸಿದ್ದವರು. ಯಜಮಾನರೂ ಅವರೂ ಸರದಿಯ ಮೇಲೆ ವ್ಯಾನು ಓಡಿಸುತ್ತಿದ್ದರು. ಕೆಲಸ ನಿಂತಿದ್ದರೂ ಬೇರೆ ಕಡೆ ಸೇರಿಕೊಳ್ಳದೆ ಕಾದಿದ್ದರು. ಬೀದಿಯ ತಿರುವಿನಲ್ಲೇ ನಿಂತಿದ್ದವರು ನಮ್ಮನ್ನು ಟೈರಿನ ಅಂಗಡಿಗೆ ಕರೆದುಕೊಂಡು ಹೋದರು.

ಅಂಗಡಿ ಕಿರಿದು, ಉದ್ದ. ಒಳಗೆ ರಬ್ಬರಿನ ವಾಸನೆ. ಅಂಗಡಿಯವರು ಕೋಟು ಟೋಪಿ ಹಾಕಿಕೊಂಡು ಕುಳಿತಿದ್ದರು. ಡ್ರೈವರಣ್ಣನನ್ನು ನೋಡಿ ನಕ್ಕರು.

"ಬನ್ನಿ ಬನ್ನಿ. ಎಲ್ರೀ, ನಿಮ್ಮ ಬಾಳೆಹಣ್ಣಿನ ಯಜಮಾನ್ರು ಬರ್ಲಿಲ್ವಾ? ಚೌತಿ ಹೊತ್ತಿಗೇ ಬಂದು ಟೈರು ನೋಡ್ಕೊಂಡು ಹೋದೋರು. ಈ ಕಡೆ ತಲೇನೇ ಹಾಕಿಲ್ಲ."

ಡ್ರೈವರಣ್ಣ ಮಾವನವರ ಮುಖ ನೋಡಿದರು. ಮಾವನವರು ಅಂಗಡಿಯ ಹೊಸ್ತಿಲು ನೋಡುತ್ತ, "ಅವ್ನು ಬರಲ್ಲ. ನಾವೇ ಬಂದ್ವಿ. ತೋರ್ಸಿ," ಎಂದರು.

ಅಂಗಡಿಯವರು ತೋರಿಸಿದರು. ಗೋಡೆಗೆ ಒರಗಿಸಿದ್ದ ಹೊಸ ಟೈರುಗಳು ಮೊದಲು. ಉದ್ದಕ್ಕೂ ಗೀರು ಗೀರಾಗಿ, ಬೈತಲೆ ತೆಗೆದ ಹಾಗಿದ್ದವು. ಡಾಂಬರಿನ ಮೇಲೆ ಬೆಣ್ಣೆಯಂತೆ ಹೋಗುತ್ತವೆ ಎಂದರು. ನಾಲ್ಕಕ್ಕೆ ಬೆಲೆ ಕೇಳಿ ಮಾವನವರು ಸೊಂಟ ಮುಟ್ಟಿ ನೋಡಿಕೊಂಡರು. ಆಸ್ಪತ್ರೆಯ ಖರ್ಚು ಕಳೆದು ಉಳಿದದ್ದು ಅವರ ಸೊಂಟದ ಚೀಲದಲ್ಲಿತ್ತು. ಅದು ನಾಲ್ಕಕ್ಕೆ ಸಾಲದು ಎಂದು ನನಗೂ ಗೊತ್ತಾಯಿತು. ಡ್ರೈವರಣ್ಣ, "ಎರೆಮಣ್ಣಲ್ಲಿ ಇದು ಜಾರ್ತದೆ ಯಜಮಾನ್ರೇ. ಗೀರೊಳಗೆ ಮಣ್ಣು ತುಂಬ್ಕೊಂಡ್ರೆ ಇದೂ ಬೋಳು ಟೈರೂ ಒಂದೇ," ಎಂದರು.

ಆಮೇಲೆ ಸವೆದ ಟೈರಿಗೆ ಹೊಸ ರಬ್ಬರು ಕೂರಿಸಿದವು. ನೋಡಲು ಹೊಸದರಂತೆಯೇ ಇದ್ದವು. ಎಲ್ಲಕ್ಕಿಂತ ಅಗ್ಗ. ಮಾವನವರ ಕಣ್ಣು ಅದರ ಮೇಲೆ ನಿಂತಿತು. ಹೊರೆ ಹೇರಿಕೊಂಡು ಬಿಸಿಲಿನಲ್ಲಿ ಡಾಂಬರಿನ ಮೇಲೆ ಓಡಿದರೆ ಮೇಲಿನ ಪದರ ಕಿತ್ತುಬರುವುದುಂಟು ಎಂದು ಡ್ರೈವರಣ್ಣ ಹೇಳಿದರು. ಹಾಗೇನೂ ಇಲ್ಲ, ಚೆನ್ನಾಗಿ ಮಾಡಿದ್ದಾದರೆ ಬಾಳುತ್ತದೆ ಎಂದು ಅಂಗಡಿಯವರು ಹೇಳಿದರು. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ನನಗೆ ಅವರ ಬಾಯಿ ಆಡುವುದು ಕಾಣುತ್ತಿತ್ತು.

ಮೂರನೆಯದು ಮಿಲಿಟರಿಯವರು ಹರಾಜು ಹಾಕಿದ್ದ ಟೈರುಗಳು. ಹಿತ್ತಲಿನಲ್ಲಿ ರಾಶಿ ಬಿದ್ದಿದ್ದವು. ಒಂದೊಂದು ಹಲ್ಲೂ ನನ್ನ ಹೆಬ್ಬೆರಳಿಗಿಂತ ದಪ್ಪ. ಮಣ್ಣಿಗೆ ಇದರಂಥದ್ದು ಇನ್ನೊಂದಿಲ್ಲ, ನಾಲ್ಕಕ್ಕೂ ಇದನ್ನೇ ಹಾಕಿಸೋಣ ಎಂದು ಡ್ರೈವರಣ್ಣ ಹುರುಪಿನಿಂದ ಹೇಳಿದರು. ಅಂಗಡಿಯವರು ಬೇಡವೆಂದು ತಲೆಯಾಡಿಸಿದರು.

"ಡಾಂಬರಲ್ಲಿ ಎಷ್ಟು ದೂರ ಹೋಗ್ಬೇಕು ನೀವು? ಹಲ್ಲು ಬೇಗ ಸವೀತದೆ. ಸ್ಟೇರಿಂಗು ಅದುರ್ತದೆ. ಬ್ರೇಕು ಹಾಕಿದ್ರೆ ಸರಿಯಾಗಿ ನಿಲ್ಲಲ್ಲ. ಬಿಸಿಲಲ್ಲಿ ಬಿದ್ದು ಕೆಲವು ಬಿರುಕೂ ಬಿಟ್ಟಿವೆ. ನಾನು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ನೋಡಿ, ಒಂದು ಕೆಲ್ಸ ಮಾಡಿ. ನಿಮ್ಮ ಮಗನೇ ಬಂದು ನೋಡ್ಲಿ. ಅವ್ರು ಎಲ್ಲಾ ವಿಚಾರ್ಸಿ ಹೋಗಿದ್ರು. ಒಂದು ವಾರ ಬಿಟ್ಟು ಬರ್ಲಿ, ಏನಂತೆ?"

"ಅವ್ನು ಊರಲ್ಲಿಲ್ಲ," ಎಂದರು ಮಾವನವರು.

"ಬಂದ್ಮೇಲೇ ಕಳ್ಸಿ."

ಮಾವನವರ ತುಟಿ ಆಡಿತು. ಡ್ರೈವರಣ್ಣ ಬಾಗಿ ಒಂದು ಟೈರಿನ ಮಣ್ಣು ಕೆರೆಯತೊಡಗಿದರು.

"ಅವರು ತೀರಿಹೋದರು," ಎಂದೆ. "ನಾವೇ ಆರಿಸಬೇಕು."

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮನೆಯಲ್ಲಿ ಹೇಳುವ ಸಂದರ್ಭವೇ ಬಂದಿರಲಿಲ್ಲ, ಎಲ್ಲರಿಗೂ ಗೊತ್ತಿತ್ತಲ್ಲ. ಹೇಳಿದ ಮೇಲೆ ಏನಾದರೂ ಆಗುತ್ತದೆಂದು ಕಾದೆ. ಏನೂ ಆಗಲಿಲ್ಲ. ಅಂಗಡಿಯವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಯ್ಯೋ, ಯಾವಾಗಮ್ಮ? ಏನಾಗಿತ್ತು?" ಎಂದರು. ಜ್ವರ ಎಂದೆ. ಹಿಂದೆ ಏನೋ ಸದ್ದಾಯಿತು. ತಿರುಗಿ ನೋಡಿದರೆ ಮಾವನವರು ಒಂದು ಟೈರಿನ ಮೇಲೆ ಕುಕ್ಕರಿಸಿ ಕುಳಿತು ಬಿಕ್ಕುತ್ತಿದ್ದರು. ಮಗನ ಬಾಯಿಗೆ ಅಕ್ಕಿಕಾಳು ಹಾಕುವಾಗಲೂ ಅಳದಿದ್ದ ಮನುಷ್ಯ. ವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದರು. ಡ್ರೈವರಣ್ಣ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟು ಕುಳಿತರು.

ನಾನೂ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಮುಂದಿದ್ದ ಟೈರಿನೊಳಗೆ ನೀರು ನಿಂತಿತ್ತು. ಅದನ್ನು ಎತ್ತಿ ಬಗ್ಗಿಸಿದೆ. ನೀರು ಸೀರೆಯ ಮೇಲೆ ಚೆಲ್ಲಿತು. ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡಿತು. ಅದನ್ನು ಆಚೆಗಿಟ್ಟೆ. ಇನ್ನೊಂದನ್ನು ಎಳೆದೆ. ಉಗುರಿನಿಂದ ಒತ್ತಿದರೆ ಕೆಲವು ಟೈರುಗಳ ಮೇಲೆ ಗುರುತು ಬೀಳುತ್ತಿತ್ತು, ಕೆಲವು ಕಟ್ಟಿಗೆಯಂತೆ ಗಡುಸಾಗಿದ್ದವು. ಗಡುಸಾದದ್ದೆಲ್ಲ ಬೇಡ ಎಂದುಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ. ಅವತ್ತು ನನ್ನ ಕೈ ಕೆಲಸ ಕೇಳುತ್ತಿತ್ತು.

ಅಂಗಡಿಯವರು ಎಲ್ಲರಿಗೂ ಕಾಫಿ ತರಿಸಿದರು. ದನಿ ಪೂರ್ತಿ ಮೆತ್ತಗಾಗಿತ್ತು. ಯಾವುದು ಬೇಕೋ ತೊಗೊಂಡು ಹೋಗಿ, ದುಡ್ಡಿನ ಮಾತು ಆಮೇಲೆ ಆಡೋಣ ಎಂದರು. ಮಾವನವರು ಮೂಗು ಒರೆಸಿಕೊಳ್ಳುತ್ತ, ಹೂಂ, ಯಾವುದಾದರೂ ಸರಿ ಎಂದರು. ಡ್ರೈವರಣ್ಣನೂ, "ಬುಡಿ ಅಮ್ಮ, ಯಾವ್ದಾದ್ರೂ ಓಡ್ತದೆ," ಎಂದುಬಿಟ್ಟರು. ನಿಜ ಹೇಳಬೇಕೆಂದರೆ ಆಗ ನನಗೆ ಸಿಟ್ಟು ಬಂತು. ಎರಡು ತಿಂಗಳಲ್ಲಿ ನನಗೆ ಬಂದಿದ್ದು ಅದೊಂದೇ. ಕೆಂಡದ ಬಿಸಿಯಷ್ಟೂ ಇಲ್ಲದ ಸಿಟ್ಟು. ಇಷ್ಟು ಹೊತ್ತು ಒಂದೊಂದು ಹಲ್ಲಿಗೂ ವಾದ ಮಾಡಿದವರು ಈಗ ಯಾವುದಾದರೂ ಸರಿ ಎನ್ನುತ್ತಿದ್ದಾರಲ್ಲ ಎಂದು.

"ವ್ಯಾನನ್ನ ಮುಂದಕ್ಕೆ ತಳ್ಳೋದು ಯಾವ ಚಕ್ರ?" ಎಂದು ಕೇಳಿದೆ.

"ಹಿಂದಿನ ಜೊತೆ," ಎಂದರು ಡ್ರೈವರಣ್ಣ.

"ಮುಂದಿನವು?"

"ತಿರುಗ್ಸೋಕೆ."

"ಹಾಗಾದ್ರೆ ಮಣ್ಣು ಹಿಡಿಯೋದು ಹಿಂದಿನವಕ್ಕೆ ಬೇಕು. ಡಾಂಬರಲ್ಲಿ ಅದುರದೆ ಇರೋದು ಮುಂದಿನವಕ್ಕೆ ಬೇಕು. ಹಿಂದಕ್ಕೆ ಮಿಲಿಟರೀದು ಎರಡು, ಮುಂದಕ್ಕೆ ಹೊಸದು ಎರಡು ಹಾಕ್ಬಾರ್ದಾ?"

ಅಂಗಡಿಯವರು ಡ್ರೈವರಣ್ಣನ ಮುಖ ನೋಡಿದರು. ಹಾಕಬಹುದು, ಕೆಲವರು ಹಾಕುತ್ತಾರೆ, ಆದರೆ ಸ್ಟೆಪ್ನಿ ಯಾವುದು ಇಡುತ್ತೀರಿ ಎಂದರು. ಹಿಂದಿನದು ಒಡೆದರೆ ಹಲ್ಲಿನದು ಬೇಕು, ಮುಂದಿನದು ಒಡೆದರೆ ಗೀರಿನದು ಬೇಕು. ಮಾವನವರು ಆಗ ಮೊದಲ ಸಲ ತಲೆ ಎತ್ತಿ, "ಈಗಿರೋ ಹಳೇ ಟೈರಲ್ಲಿ ಚೆಂದಾಗಿರೋದೊಂದನ್ನ ಮಡಿಕಳಾವ. ಮನೆ ಗಂಟ ತಂದ್ರೆ ಸಾಕಲ್ವಾ," ಎಂದರು. ಹಾಗೇ ಮಾಡಿದೆವು. ರಾಶಿಯಲ್ಲಿ ನಾನು ಆರಿಸಿದ್ದ ಎರಡನ್ನು ಡ್ರೈವರಣ್ಣ ಇನ್ನೊಮ್ಮೆ ತಿರುಗಿಸಿ ನೋಡಿ, ಒಂದನ್ನು ಬೇಡವೆಂದು ಬದಲಾಯಿಸಿದರು. ಒಳಗಡೆ ನೂಲು ಬಿಟ್ಟಿತ್ತಂತೆ. ನಾನು ಒಳಗೆ ಕೈ ಹಾಕಿ ನೋಡಿರಲಿಲ್ಲ. ಮಾವನವರು ದುಡ್ಡು ಅಲ್ಲೇ ಕೊಟ್ಟರು. ಜಟಕಾದಲ್ಲಿ ಬರುವಾಗ, "ನಂಗೆ ಯೋಳಕ್ಕೆ ಆಗ್ನಿಲ್ಲ ಕಣವ್ವ," ಎಂದರು. ನಾನು ಹೂಂ ಎಂದೆ.

ಮಳೆ ಹಿಡಿದ ಮೇಲೆ ಮೊದಲ ಹೊರೆಗೆ ನಾನೂ ಹೋದೆ. ಮಾವನವರಿಗೆ ಮಂಡಿನೋವು ಜೋರಾಗಿತ್ತು. ತೋಟದವರಿಗೆ ಮನೆಯವರು ಯಾರಾದರೂ ಮುಖ ತೋರಿಸಬೇಕಿತ್ತು. ಗೊನೆ ತುಂಬಿಕೊಂಡು ಹೊರಟಾಗ ಹನಿಯುತ್ತಿತ್ತು. ಹಿಂದಿನ ವರ್ಷ ಹೂತುಕೊಂಡಿದ್ದ ಹಳ್ಳ ಬಂತು. ಡ್ರೈವರಣ್ಣ ಬಿಸ್ಮಿಲ್ಲಾ ಎಂದು ಇಳಿಸಿದರು. ಹಿಂದಿನ ಚಕ್ರಗಳು ಮಣ್ಣನ್ನು ಅಗಿಯುತ್ತ ತಳ್ಳಿದವು, ಆದರೆ ಮುಂದಿನವು ತಿರುಗಿಸಿದ ಕಡೆಗೆ ಹೋಗದೆ ಜಾರಿ ಜಾರಿ ಪಕ್ಕದ ಗುಂಡಿಗೆ ಹೊರಟವು. ಎಷ್ಟು ತಿರುಗಿಸಿದರೂ ನೇರವಾಗಲಿಲ್ಲ. ಕೊನೆಗೆ ಒಂದು ಮುಂಚಕ್ರ ಗುಂಡಿಯ ಅಂಚಿನಲ್ಲಿ ನಿಂತಿತು.

"ಇಳೀರಿ ಅಮ್ಮ, ಉರುಳ್ಕೊಂಡ್ರೆ ಕಷ್ಟ," ಎಂದರು.

ಇಳಿದೆ. ಮೊಣಕಾಲುದ್ದ ಕೆಸರು. ಇಬ್ಬರೂ ಸೇರಿ ಬೇಲಿಯ ಲಂಟಾನ ಮುರಿದು ಮುಂದಿನ ಚಕ್ರದ ಕೆಳಗೆ ತುರುಕಿದೆವು. ಮುಳ್ಳು ಚುಚ್ಚಿ ಅಂಗೈಯಲ್ಲಿ ರಕ್ತ ಬಂತು. ಅವರು ಹತ್ತಿ ಹಿಂದಕ್ಕೆ ಒಂದು ಮೊಳ ಎಳೆದು ಮತ್ತೆ ಮುಂದಕ್ಕೆ ಬಿಟ್ಟರು. ದಪ್ಪ ಹಲ್ಲುಗಳು ಹಿಡಿದವು. ನನ್ನ ಮೈಮೇಲೆಲ್ಲ ಕೆಸರು ಎರಚಿ ವ್ಯಾನು ಆಚೆ ದಡ ಏರಿತು. ಒಂದು ಗೊನೆಯೂ ಉದುರಲಿಲ್ಲ. ಡ್ರೈವರಣ್ಣ ತಲೆ ಹೊರಗೆ ಹಾಕಿ, "ಎತ್ತು ಬೇಕಾಗ್ಲಿಲ್ಲ ನೋಡಿ!" ಎಂದು ಕೂಗಿದರು. ಸಂತೋಷಪಡಬೇಕಾದ ಹೊತ್ತು ಎಂದು ನನಗೆ ಅರ್ಥವಾಯಿತು. ಅವರಿಗೆ ಬೇಜಾರಾಗಬಾರದೆಂದು ನಕ್ಕೆ.

ಡಾಂಬರು ಸಿಕ್ಕಿದ ಮೇಲೆ ಹಿಂದಿನ ಟೈರುಗಳು ಗುಂಯ್ ಎಂದು ಒಂದೇ ಸಮನೆ ಕೂಗತೊಡಗಿದವು. ಮಾತನಾಡಿದರೆ ಕೇಳುತ್ತಿರಲಿಲ್ಲ. ಮಾತನಾಡಬೇಕಾಗಿಯೂ ಇರಲಿಲ್ಲ. ಆ ಸದ್ದಿನಲ್ಲಿ ನಾನು ನಿದ್ದೆ ಹೋದೆ. ಎಚ್ಚರವಾದಾಗ ವ್ಯಾನು ದೇವರಾಜ ಮಾರ್ಕೆಟ್ಟಿನ ಮಗ್ಗುಲಲ್ಲಿ ನಿಂತು ಗೊನೆಗಳು ಅರ್ಧ ಇಳಿದಿದ್ದವು. ಕೆನ್ನೆಯ ಮೇಲಿನ ಕೆಸರು ಒಣಗಿ ಬಿಗಿದುಕೊಂಡಿತ್ತು.

ನಾನು ಅಣ್ಣನ ಮನೆಗೆ ಹೋಗಲಿಲ್ಲ. ಒಂದೆರಡು ವರ್ಷ ಕರೆದು ಅವನೂ ಸುಮ್ಮನಾದ. ಹಲ್ಲಿನ ಟೈರುಗಳು ಅಂಗಡಿಯವರು ಹೇಳಿದ ಹಾಗೆ ಬೇಗನೇ ಸವೆದವು, ಎರಡನೆಯ ಮಳೆಗಾಲ ಕಾಣಲಿಲ್ಲ. ಮುಂದಿನವು ಬಹಳ ಬಾಳಿದವು. ಮಾವನವರು ಇರುವ ತನಕ ಮಂಡಿಯ ಲೆಕ್ಕ ಅವರೇ ನೋಡಿದರು, ಆಮೇಲೆ ನಾನು. ಅಳು ಬಂತೇ ಎಂದು ಕೇಳಿದರೆ, ಬಂತು. ಎಷ್ಟೋ ವರ್ಷಗಳ ಮೇಲೆ, ಅತ್ತೆಯ ತಲೆ ಬಾಚುತ್ತ ಕುಳಿತಿದ್ದಾಗ, ಯಾವ ಕಾರಣವೂ ಇಲ್ಲದೆ ಬಂತು. ಅತ್ತೆ ತಿರುಗಿ ನೋಡಲಿಲ್ಲ. ಬಾಚಣಿಗೆ ನಿಂತದ್ದು ತಿಳಿದು, ಕೈ ಹಿಂದಕ್ಕೆ ಚಾಚಿ ನನ್ನ ಮೊಣಕಾಲು ಹಿಡಿದುಕೊಂಡರು.