ಕುದುರೆಗೆ ಕಟ್ಟದ ದುಡ್ಡು

ಮಕ್ಕಳೇ, ನಿಮ್ಮ ತಾತ ಮುದುಕರಾಗಿ, ಮಂಚದ ಮೇಲೆ, ನೆಮ್ಮದಿಯಾಗಿ ಹೋದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಓದುವಾಗ ನನ್ನ ಹಾಗೆ ನೀವೂ ಹೆದರುತ್ತೀರಿ.

ಎಪ್ಪತ್ತರ ದಶಕದ ಕೊನೆ. ನಾವು ನಂದಿದುರ್ಗ ಚಿನ್ನದ ಗಣಿಯ ಲೈನಿನಲ್ಲಿ, ಕೆಲಸಗಾರರ ಸಾಲುಮನೆಯೊಂದರಲ್ಲಿದ್ದೆವು. ತಾತ ಗಣಿಯೊಳಗೆ ಮರ ಕಟ್ಟುವ ತಂಡದವರು. ಕಲ್ಲು ಕುಸಿಯದಂತೆ ದಿಮ್ಮಿಗಳನ್ನು ಆನಿಸಿ ನಿಲ್ಲಿಸುವ ಕೆಲಸ. ಆ ತಂಡದ ಮೇಸ್ತ್ರಿಗೆ ಬೆಂಗಳೂರಿನ ಕುದುರೆ ರೇಸಿನ ಹುಚ್ಚು. ಹುಚ್ಚು ಎಂದರೆ ಅವನು ಒಪ್ಪುತ್ತಿರಲಿಲ್ಲ, ಲೆಕ್ಕ ಎನ್ನುತ್ತಿದ್ದ. ಶನಿವಾರದ ಕೊನೆಯ ಓಟದಲ್ಲಿ, ಗೆದ್ದರೆ ಕಟ್ಟಿದಷ್ಟಾದರೂ ಲಾಭ ಕೊಡುವ ಒಳ್ಳೆಯ ಕುದುರೆಗೆ ಎಲ್ಲರೂ ಸೇರಿ ಕಟ್ಟಬೇಕು. ಸೋತರೆ ಮುಂದಿನ ವಾರ ಎರಡರಷ್ಟು. ಮತ್ತೆ ಸೋತರೆ ಅದರ ಎರಡರಷ್ಟು.

“ಎಷ್ಟು ವಾರ ಅಂತ ಸೋಲ್ತದೆ? ಒಂದಿನ ಗೆದ್ದೇ ಗೆಲ್ತದೆ ಕಣಮ್ಮ. ಅವತ್ತು ಓಗಿದ್ದೆಲ್ಲ ಬಡ್ಡಿ ಸಮೇತ ವಾಪಸ್ಸು,” ಎಂದು ನನ್ನ ಮುಂದೆಯೂ ಒಮ್ಮೆ ಹೇಳಿದ್ದ. ನಾನು ಒಂದು, ಎರಡು, ನಾಲ್ಕು, ಎಂಟು ಎಂದು ಮನಸ್ಸಿನಲ್ಲೇ ಏರಿಸುತ್ತಾ ಹೋದೆ. ಕುದುರೆ ಯಾವತ್ತೋ ಗೆಲ್ಲಬಹುದು. ಅಲ್ಲಿಯವರೆಗೆ ಕಟ್ಟಲು ಇವರ ಹತ್ತಿರ ಏನಿರುತ್ತದೆ?

ವಾರದ ಮೇಲೆ ವಾರ ಸೋತರು. ಓಲೆ, ಕಾಲುಚೈನು, ಗಡಿಯಾರ ಒಂದೊಂದೇ ಆಂಡರ್ಸನ್‌ಪೇಟೆಯ ಗಿರವಿ ಅಂಗಡಿ ಸೇರಿದವು. ದುಡ್ಡು ಒಯ್ಯುವ ಸರದಿ ತಾತನಿಗೆ ಬಂತು. ರೈಲಿನಲ್ಲಿ ಕಳ್ಳರ ಕಾಟವೆಂದು ಮೇಸ್ತ್ರಿಯ ಹೆಂಡತಿ ನೋಟುಗಳನ್ನು ಬಟ್ಟೆ ಚೀಲದಲ್ಲಿಟ್ಟು ಬಾಯಿ ಹೊಲಿದು ಕೊಟ್ಟಳು. ಮಾರಿಕುಪ್ಪಂನಲ್ಲಿ ಇಬ್ಬರೂ ರೈಲು ಹತ್ತಿದೆವು. ನಾನು ಬಂಗಾರಪೇಟೆಯಲ್ಲಿ ಇಳಿದು ತವರಿಗೆ ಹೋದೆ, ಅವರು ಬೆಂಗಳೂರಿಗೆ.

ದೀಪ ಹಚ್ಚುವ ಹೊತ್ತಿಗೆ ತವರಿನ ಬಾಗಿಲಲ್ಲಿ ನಿಂತಿದ್ದರು. ಚೀಲ ಹೊಲಿದಂತೆಯೇ ಇತ್ತು.

“ರೇಸಿನ ಟಿಕೆಟ್ ಕಿಟಕಿ ತಂಕ ಓಗಿದ್ದೆ ಕಣೇ. ಎಲ್ಲಾರ ಒಡವೆನೂ ಕಣ್ಮುಂದೆ ಬಂತು. ಕಟ್ಟಾಕೆ ಮನಸ್ಸು ಬರ್ನಿಲ್ಲ. ಓಟನೂ ನೋಡ್ದೆ ಬಂದ್ಬುಟ್ಟೆ.”

“ಒಳ್ಳೇದಾಯ್ತು ಬಿಡಿ. ಇವತ್ತು ಇಲ್ಲೇ ಇದ್ಬುಟ್ಟು ಬೆಳಿಗ್ಗೆ ಓಗಾನ,” ಎಂದೆ. ನನಗೆ ಅಷ್ಟು ಸಂತೋಷವಾಗಿತ್ತು.

ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾರೋ ಬೆಂಚಿನ ಮೇಲೆ ಬಿಟ್ಟಿದ್ದ ಪೇಪರನ್ನು ತಾತ ಬಿಡಿಸಿದರು. ನೋಡುತ್ತಿದ್ದಂತೆ ಮುಖ ಕಪ್ಪಿಟ್ಟಿತು. ನಾನೂ ಇಸಿದುಕೊಂಡು ಓದಿದೆ. ಮೇಸ್ತ್ರಿ ಕಟ್ಟಲು ಹೇಳಿದ್ದ ಕುದುರೆಯೇ ಗೆದ್ದಿತ್ತು.

ಮಾರಿಕುಪ್ಪಂ ದಾರಿ ಚಿಕ್ಕದು. ಅವತ್ತು ಅದು ಮುಗಿಯದಿರಲಿ ಎಂದು ಬೇಡಿಕೊಂಡೆ. ದುಡ್ಡಿನ ಚಿಂತೆಯಲ್ಲ. ಗಣಿಯ ಕಡಿದಾದ ಜಾಗಗಳಲ್ಲಿ ತಾತ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದರು. ಆ ಹಗ್ಗದ ಇನ್ನೊಂದು ತುದಿ ಇದೇ ತಂಡದವರ ಕೈಯಲ್ಲಿರುತ್ತಿತ್ತು.

ಲೈನಿನ ನಲ್ಲಿಯ ಹತ್ತಿರ ಎಲ್ಲರೂ ಕಾದಿದ್ದರು. ಪೇಪರು ಅವರಿಗೂ ತಲುಪಿತ್ತು.

“ಬಾರ್ಲಾ ರಾಜಾ! ಗಂಟು ಒತ್ಕೊಂಡು ಬರಾಕೆ ಜಟಕಾ ಸಿಗ್ನಿಲ್ವೇನ್ಲಾ?”

“ಮಾವನ ಮನೇಲಿ ರಾತ್ರಿಯೆಲ್ಲಾ ಎಣಿಸ್ತಾ ಕೂತಿದ್ದ ಕಣಣ್ಣ. ಅದ್ಕೇ ತಡ.”

ತಾತ ನಡೆದದ್ದನ್ನು ಹೇಳಿ ಚೀಲ ಕೊಟ್ಟರು. ಮೇಸ್ತ್ರಿ ಅದರ ಬಾಯನ್ನು ಬೆಳಕಿಗೆ ಹಿಡಿದು ನೋಡಿದ. “ಬಿಚ್ಚಿಲ್ಲ. ನನ್ನ ಹೆಂಡ್ರು ಆಕಿದ್ ಒಲಿಗೇನೇ ಇದು,” ಎಂದ.

ಹೆಂಡತಿಯ ಓಲೆ ಅಡವಿಟ್ಟಿದ್ದವನೊಬ್ಬ ನನ್ನ ಕಡೆ ತಿರುಗಿದ. “ಬಿಚ್ಚಿ ಕಟ್ಟಿ, ಗೆದ್ದಿದ್ದು ಮಡಗ್ಕೊಂಡು, ಅಸಲು ಮಾತ್ರ ಮತ್ತೆ ಒಲಿಯಾಕೆ ಸೂಜಿಗೇನು ಬರವಾ ಅಣ್ಣೋ? ಹೆಂಡ್ರು ಪಕ್ಕದಾಗೇ ಇದ್ಳಲ್ಲ!”

ಎಲ್ಲರೂ ನನ್ನನ್ನೇ ನೋಡಿದರು. ಗಂಡಸರ ಮುಂದೆ ತಲೆಯೆತ್ತಿ ಮಾತಾಡಿದವಳಲ್ಲ ನಾನು. ಇಲ್ಲ ಎನ್ನಲು ಹೋದೆ. ತುಟಿ ಅಲ್ಲಾಡಿತು, ಸದ್ದು ಹೊರಡಲಿಲ್ಲ. ಅದೇ ಅವರಿಗೆ ಸಾಕ್ಷಿಯಾಯಿತು.

ಸೋಮವಾರ ಬೆಳಿಗ್ಗೆ, “ಇವತ್ತೊಂದಿನ ಇಳೀಬೇಡಿ,” ಎಂದು ಕಾಲು ಹಿಡಿದುಕೊಂಡೆ.

“ಓಗ್ದಿದ್ರೆ ಕದ್ದಿದ್ದೇ ದಿಟ ಅಂತಾರೆ,” ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟರು.

ನೆಲದಡಿ ಕಲ್ಲು ಸಿಡಿದು ಪಾತ್ರೆಗಳು ಅದುರಿದಾಗಲೆಲ್ಲ ಲೈನಿನ ಹೆಂಗಸರು ಒಟ್ಟಿಗೆ ಹೊರಗೆ ಓಡಿಬರುತ್ತಿದ್ದೆವು. ಅವತ್ತು ನೆಲ ಅಲ್ಲಾಡಲೇ ಇಲ್ಲ. ಆದರೂ ನಾನೊಬ್ಬಳು ಹೊರಗೇ ನಿಂತಿದ್ದೆ. ನಲ್ಲಿಯ ಹತ್ತಿರವಿದ್ದವರು ನನ್ನನ್ನು ಕಂಡು ಕೊಡ ಎತ್ತಿಕೊಂಡು ಹೋದರು.

ಪಾಳಿ ಮುಗಿದು ತಾತ ಬಂದರು. ನೀರು ಕೊಟ್ಟು ಕೇಳಿದೆ.

“ಅಗ್ಗ ಯಾರು ಇಡ್ಕೊಂಡಿದ್ರು?”

“ಮೇಸ್ತ್ರಿ.”

“ಅವ್ರು ಯಾವತ್ತೂ ಇಡಿಯಾಕಿಲ್ವಲ್ಲ?”

“ಇವತ್ತು ಇನ್ಯಾರ ಕೈಗೂ ಕೊಡ್ನಿಲ್ಲ.”

ನನ್ನದು ಬರೀ ಪುಕ್ಕಲುತನ ಎಂದು ಇಡೀ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ತಂಡವನ್ನು ನನಗಿಂತ ಚೆನ್ನಾಗಿ ಬಲ್ಲ ಮೇಸ್ತ್ರಿಗೂ ಅದೇ ಹೆದರಿಕೆ ಇತ್ತು.

“ನಾಳೆ?” ಎಂದೆ.

ತಾತ ಚೊಂಬನ್ನು ಕೆಳಗಿಟ್ಟರು. “ನಾಳೆನೂ ಓಗ್ಬೇಕಲ್ಲ,” ಎಂದರು.